ವಾಸನೆಯಿಲ್ಲದ ಕಳ್ಳ

ಕೊಟ್ರೇಶನ ಮೈಯಿಂದ ಯಾವ ವಾಸನೆಯೂ ಬರಲಿಲ್ಲ. ನಮ್ಮ ಕಷ್ಟಗಳೆಲ್ಲ ಆರಂಭವಾದದ್ದು ಆ ಗಳಿಗೆಯಿಂದ.

ಆ ಗುರುವಾರ ಮಧ್ಯಾಹ್ನ ಜೈಲಿನ ಮಗ್ಗದ ಕೋಣೆಯಲ್ಲಿ ನಾವು ‘ಕೆಲಸದ ಪಾಠ’ಕ್ಕೆ ಅಣಿಯಾಗುತ್ತಿದ್ದೆವು. ಹೊಸಬನೊಬ್ಬ ಬಾಗಿಲಲ್ಲಿ ಬಂದು ಕೈಮುಗಿದು ನಿಂತ. ಉದ್ದ ಕೈಗಳ, ಕಡಿಮೆ ಮಾತಿನ ಮನುಷ್ಯ. ತಬಿತಮ್ಮನವರು ಕುಶಲ ವಿಚಾರಿಸುವ ನೆಪದಲ್ಲಿ ಅವನ ಹತ್ತಿರ ಹೋಗಿ, ಮೂಗನ್ನು ತುಸುವೇ ಎತ್ತಿ, ಯಾರಿಗೂ ತಿಳಿಯದೆಂದು ಅವರು ನಂಬಿದ್ದ, ಎಲ್ಲರಿಗೂ ತಿಳಿಯುತ್ತದೆಂದು ನಾವು ಬಲ್ಲ ರೀತಿಯಲ್ಲಿ ಉಸಿರನ್ನು ಒಳಗೆಳೆದುಕೊಂಡರು. ಮತ್ತೊಮ್ಮೆ ಎಳೆದುಕೊಂಡರು. ಮಗದೊಮ್ಮೆ ಎಳೆದುಕೊಂಡಾಗ ಹೊಸಬನಿಗೇ ಸಂಕೋಚವಾಗಿ ಒಂದು ಹೆಜ್ಜೆ ಹಿಂದೆ ಸರಿದ.

“ಮೇಷ್ಟ್ರೇ, ಸ್ವಲ್ಪ ಬನ್ನಿ ಇಲ್ಲಿ,” ಎಂದು ಅವರು ನನ್ನನ್ನು ಕರೆದರು. “ನಂಗೆ ನೆಗಡಿ ಹಿಡಿದಿದೆಯೋ ಏನೋ.”

ನಾನೂ ಮೂಸಿದೆ. ಜೈಲಿನ ಸಾಬೂನು, ಒಗೆದ ಬಟ್ಟೆ, ಬಿಸಿಲು. ಅಷ್ಟೇ.

ನಮ್ಮೂರಿನಲ್ಲಿ ಕದ್ದವರ ಮೈಗೆ ಕದ್ದ ಪದಾರ್ಥದ ವಾಸನೆ ಅಂಟಿಕೊಳ್ಳುತ್ತದೆ. ಉಜ್ಜಿದರೆ ಹೋಗುವುದಿಲ್ಲ, ವಯಸ್ಸಾದರೆ ಮಾಸುವುದಿಲ್ಲ. ಸೀಮೆಎಣ್ಣೆ ಕದ್ದವನು ಸೀಮೆಎಣ್ಣೆಯಾಗಿ, ಹಲಸಿನಹಣ್ಣು ಕದ್ದವನು ಹಲಸಿನಹಣ್ಣಾಗಿ ಬಾಳಬೇಕು. ಚಿನ್ನಕ್ಕೆ ವಾಸನೆಯಿಲ್ಲವೆಂದು ನಂಬಿ ಸರ ಎಗರಿಸಿದವರ ಮೈಯಿಂದ ಸರದ ಒಡತಿಯ ಅರಿಸಿನವೂ ಬೆವರೂ ಹೊರಡುತ್ತವೆ. ಹೀಗಾಗಿ ನಮ್ಮ ಪೊಲೀಸರಿಗೆ ನಾಯಿಗಳಿಲ್ಲ. ನ್ಯಾಯಾಧೀಶರಿಗೆ ಶೀತವಾದರೆ ವಿಚಾರಣೆ ಮುಂದಕ್ಕೆ ಹೋಗುತ್ತದೆ. ನಮ್ಮ ಪತ್ರಿಕೆ ಕಳ್ಳತನದ ಸುದ್ದಿಯನ್ನು ಅಚ್ಚು ಮಾಡುವುದಿಲ್ಲ. ಮೂಗುಳ್ಳ ಓದುಗರಿಗೆ ಅದು ಅವಮಾನವೆಂದು ಸಂಪಾದಕರ ಭಾವನೆ. ‘ನೀವೇನು ಕದ್ದಿರಿ?’ ಎಂದು ಯಾರನ್ನಾದರೂ ಬಾಯಿಬಿಟ್ಟು ಕೇಳುವುದಂತೂ ತೀರ ಅಸಭ್ಯ. ಹುಣಸೆಹಣ್ಣು ಕದ್ದ ಅಜ್ಜಿಯೊಬ್ಬರು ಚರ್ಚಿನ ಆರಾಧನೆಯಲ್ಲಿ ಪಕ್ಕ ಕುಳಿತರೆ ನಾವು ಬಾಯಲ್ಲೂರುವ ನೀರನ್ನು ನುಂಗಿ ಕೀರ್ತನೆ ಹಾಡುತ್ತೇವೆಯೇ ಹೊರತು ತಿರುಗಿ ನೋಡುವುದಿಲ್ಲ. ಸುಳ್ಳಿಗೆ ಮಾತ್ರ ಯಾವ ವಾಸನೆಯೂ ಇಲ್ಲ. ಎಷ್ಟೋ ಗೌರವಸ್ಥ ಮನೆತನಗಳು ನಿಂತಿರುವುದು ಈ ರಿಯಾಯಿತಿಯ ಮೇಲೆಯೇ.

ಜೈಲಿನಿಂದ ಹೊರಬಂದವರಿಗೆ ಇಂಥ ಊರಿನಲ್ಲಿ ಕೆಲಸ ಕೊಡುವವರು ಯಾರು? ಬೆಣ್ಣೆಯ ವಾಸನೆಯವನನ್ನು ಹೊಸ್ತಿಲ ಬಳಿಯೇ ಮೂಸಿ ವಾಪಸು ಕಳಿಸುತ್ತಿದ್ದರು. ಆಗ ನಮ್ಮ ಕ್ರೈಸ್ತ ಸಭೆಯ ತಬಿತಮ್ಮನವರು ಮುಂದೆ ಬಂದರು. ಅವರು ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದವರು; ನಿವೃತ್ತರಾದ ಮೇಲೂ ಊರನ್ನು ದೊಡ್ಡದೊಂದು ವಾರ್ಡೆಂದೇ ತಿಳಿದವರು. ಅವರ ಉಪಾಯ ಸರಳವಾಗಿತ್ತು: ವಾಸನೆಯನ್ನು ಮುಚ್ಚಬೇಡಿ, ಅದಕ್ಕೊಂದು ಮನೆ ಹುಡುಕಿ. ಕರ್ಪೂರ ಕದ್ದವನನ್ನು ಗ್ರಂಥಿಗೆ ಅಂಗಡಿಗೆ, ಮಲ್ಲಿಗೆ ಕದ್ದವಳನ್ನು ಹೂವಿನ ಪೇಟೆಗೆ, ಚಕ್ಕಳ ಕದ್ದವನನ್ನು ಚಪ್ಪಲಿ ಹೊಲಿಯುವಲ್ಲಿಗೆ ಸೇರಿಸಿದರೆ ಯಾರ ಮೂಗಿಗೂ ತೊಂದರೆಯಿಲ್ಲ. ಕಳ್ಳನನ್ನು ಅವನು ಕದ್ದ ಸರಕಿನ ನಡುವೆಯೇ ಕೂರಿಸುವುದರಲ್ಲಿ ಇರಬಹುದಾದ ಅಪಾಯವನ್ನು ನಾನು ಒಮ್ಮೆ ಮೆಲ್ಲಗೆ ಸೂಚಿಸಿದ್ದೆ. “ನಂಬಿಕೆ ಇಡಿ ಮೇಷ್ಟ್ರೇ,” ಎಂದಿದ್ದರು. ಆಶ್ಚರ್ಯವೆಂದರೆ ಆ ಉಪಾಯ ಫಲಿಸಿತ್ತು, ಮೀನಿನವನೊಬ್ಬನನ್ನು ಬಿಟ್ಟು. ಅವನನ್ನು ಮೀನಂಗಡಿಯಲ್ಲಿಟ್ಟರೂ ಬೆಕ್ಕುಗಳು ಅಷ್ಟು ಮೀನನ್ನು ಬಿಟ್ಟು ಅವನ ಹಿಂದೆಯೇ ಹೋದವು.

ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದ ನನ್ನ ಪಾಲಿಗೆ ಬಂದದ್ದು ಯಜಮಾನನ ಪಾತ್ರ. ಜೀವಮಾನದಲ್ಲಿ ಒಬ್ಬ ಆಳನ್ನೂ ನೇಮಿಸಿಕೊಳ್ಳದ ನಾನು ಗುರುವಾರ ಗುರುವಾರ ಜೈಲಿನ ಕೈಯಿರುವ ಏಕೈಕ ಕುರ್ಚಿಯಲ್ಲಿ ಕುಳಿತು, ಹುಬ್ಬು ಗಂಟಿಕ್ಕಿ, “ನಿನಗೆ ಯಾಕೆ ಕೆಲಸ ಕೊಡ್ಬೇಕು, ಹೇಳು” ಎಂದು ಗದರಿಸುತ್ತಿದ್ದೆ. ಅವರು ಬೆವರುತ್ತ ಉತ್ತರ ಕಲಿಯುತ್ತಿದ್ದರು. ಯಜಮಾನನ ಕಣ್ಣನ್ನು ನೋಡಿ ಮಾತಾಡು, ಕೇಳಿದ್ದಕ್ಕೆ ನಿಜ ಹೇಳು ಎಂಬುದು ನನ್ನ ಪಾಠದ ಸಾರ.

ಜೈಲಿನ ಪದ್ಧತಿಯೊಂದಿತ್ತು. ಕ್ರಿಸ್ಮಸ್ಸಿನೊಳಗೆ ಯಜಮಾನನೊಬ್ಬ ದೊಡ್ಡಬಾಗಿಲಿಗೆ ಬಂದು, ‘ಇವನು ನನ್ನವನು’ ಎಂದು ಕೈ ಹಿಡಿದರೆ ಆ ಕೈದಿಯನ್ನು ಅಲ್ಲಿಯೇ ಬಿಟ್ಟುಬಿಡುತ್ತಿದ್ದರು. ಯಾರೂ ಬಾರದವರು ಪೂರ್ತಿ ಶಿಕ್ಷೆ ಅನುಭವಿಸಬೇಕು. ಕೊಟ್ರೇಶನದು ಉದ್ದದ ಶಿಕ್ಷೆ.

ಅವನಿಗೆ ವಾಸನೆಯಿಲ್ಲವೆಂಬುದು ಖಚಿತವಾದೊಡನೆ ತಬಿತಮ್ಮನವರ ಮುಖ ಅರಳಿತು. ಇಷ್ಟು ವರ್ಷ ಪಾಪಿಗಳ ಸೇವೆ ಮಾಡಿ ಅವರಿಗೆ ಒಬ್ಬನಾದರೂ ನಿರಪರಾಧಿ ಸಿಗಲೆಂಬ ಒಳ ಆಸೆಯಿತ್ತೆಂದು ನನಗೆ ಆಗಲೇ ತಿಳಿದದ್ದು.

“ತಮ್ಮಾ, ನೀನು ಏನೂ ಮಾಡೇ ಇಲ್ಲ ಅಲ್ವಾ?” ಎಂದು ಪಿಸುಗುಟ್ಟಿದರು.

“ಕದ್ದಿದ್ದು ನಿಜ ಅಮ್ಮಾ,” ಎಂದ ಕೊಟ್ರೇಶ. “ಏನು ಅಂತ ಮಾತ್ರ ಕೇಳ್ಬೇಡಿ.”

“ಛೆ ಛೆ, ಕೇಳೋದು ನಮ್ಮ ಪದ್ಧತಿ ಅಲ್ಲ ಕಣಪ್ಪಾ,” ಎಂದವರು, ಕೇಳಲಾರದ ಸಂಕಟದಲ್ಲಿ ಇಡೀ ವಾರ ಊಟ ರುಚಿಸದೆ ಕೊರಗಿದರು. ಗಾಜು ಇರಬಹುದೆ? ಉಪ್ಪು ಇರಬಹುದೆ? ಉಪ್ಪಿಗೂ ತುಸು ಕಡಲಿನ ವಾಸನೆ ಇದ್ದೇ ಇದೆಯಲ್ಲವೆ ಮೇಷ್ಟ್ರೇ? ದಾರಿಯಲ್ಲಿ ಸಿಕ್ಕಾಗಲೆಲ್ಲ ಒಂದೊಂದು ಪದಾರ್ಥದ ಹೆಸರು.

ಕಾವಲಿನೊಡನೆ ಅವನನ್ನು ಕರೆದುಕೊಂಡು ಕೆಲಸ ಹುಡುಕಲು ಹೊರಟಾಗ ನಿಜವಾದ ತೊಡಕು ಎದುರಾಯಿತು. ವಾಸನೆಯ ಕಳ್ಳರಿಗೆ ಒಗ್ಗಿಹೋಗಿದ್ದ ನಮ್ಮೂರಿಗೆ ವಾಸನೆಯಿಲ್ಲದ ಕಳ್ಳನನ್ನು ಕಂಡರೆ ದಿಗಿಲು. ಎಣ್ಣೆ ಗಾಣದ ಯಜಮಾನರು ಅವನನ್ನು ಮುಂದೆ ಮೂಸಿದರು, ಹಿಂದೆ ಮೂಸಿದರು, ಆಮೇಲೆ ನಮ್ಮನ್ನು ಪಕ್ಕಕ್ಕೆ ಕರೆದರು.

“ನೋಡಿ ಅಮ್ಮಾ, ಬೆಲ್ಲದ ಕಳ್ಳನ್ನ ಕಳ್ಸಿ, ಬೆಲ್ಲ ಒಳಗಿಟ್ಕೋತೀನಿ. ಬಟ್ಟೆ ಕಳ್ಳನ್ನ ಕಳ್ಸಿ, ಪಂಚೆ ಬಿಗಿಯಾಗಿ ಉಟ್ಕೋತೀನಿ. ಇವನ ಎದುರು ಏನು ಬಚ್ಚಿಡ್ಲಿ? ಇಡೀ ಗಾಣಾನಾ?”

ಮರದ ಡಿಪೋದವರೂ ಹಾಗೆಯೇ ಅಂದರು. ಡಿಸೆಂಬರು ಓಡುತ್ತಿತ್ತು.

ಮುಂದಿನ ಗುರುವಾರ ನಾವು ಜೈಲಿಗೆ ಹೋದಾಗ ಭೇಟಿಯ ಜಾಲರಿಯ ಈಚೆ ಹೆಂಗಸೊಬ್ಬಳು ಮಗುವನ್ನು ಕಂಕುಳಲ್ಲಿರಿಸಿಕೊಂಡು ನಿಂತಿದ್ದಳು. ಆಚೆ ಕೊಟ್ರೇಶ. ಅವಳು ಹಳ್ಳದ ಕೇರಿಯ ರೇಣವ್ವ, ಅವನ ಹೆಂಡತಿ. ಅವಳ ದನಿ ಕೇಳಲು ನಾವು ಹತ್ತಿರ ಹೋಗಬೇಕಾದ ಅಗತ್ಯವೇ ಇರಲಿಲ್ಲ.

“ಇದೇ ಕೊನೆ, ಕೇಳಿಸ್ಕೋ. ಈ ಹಬ್ಬಕ್ಕೆ ನೀನು ಹೊರಗೆ ಬಂದ್ಯಾ, ಸರಿ. ಬರ್ಲಿಲ್ವಾ, ಮಗೂನ ಎತ್ಕೊಂಡು ತೌರಿಗೆ ಹೋಗ್ತೀನಿ. ಅಲ್ಲಿಂದ ವಾಪಸ್ ಬರಲ್ಲ. ನಿನ್ನ ಜಂಬ ಇಟ್ಕೊಂಡು ಇಲ್ಲೇ ಕೂತಿರು.”

“ಜಂಬ ಅಲ್ವೇ ರೇಣೀ...”

“ಮತ್ತಿನ್ನೇನು? ಒಂದು ಮಾತು ಬಾಯಿ ಬಿಟ್ಟಿದ್ರೆ ಆವತ್ತೇ ಬಿಡ್ತಿದ್ರು ನಿನ್ನ!”

ಆ ಒಂದು ಮಾತು ಯಾವುದೆಂದು ಅವಳು ಹೇಳಲಿಲ್ಲ. ಮಗು ಜಾಲರಿಯ ಕಿಂಡಿಯಲ್ಲಿ ಬೆರಳಿಟ್ಟಿತ್ತು. ಕೊಟ್ರೇಶ ಆಚೆಯಿಂದ ಅದರ ತುದಿಯನ್ನು ಮುಟ್ಟಿದ. ತಬಿತಮ್ಮನವರು ಒಂದು ಸಲ ಕೆಮ್ಮಿ, ಕೊಡೆಯನ್ನು ಎಡಗೈಗೆ ಬದಲಾಯಿಸಿಕೊಂಡು, ಸರಸರನೆ ಹೊರಗೆ ನಡೆದರು. ಅವರು ಕೊಡೆಯ ಕೈ ಬದಲಾಯಿಸಿದರೆ ಏನೋ ಭಯಂಕರವಾದದ್ದು ಹೊಳೆದಿದೆಯೆಂದೇ ಅರ್ಥ.

“ಮೇಷ್ಟ್ರೇ,” ಎಂದರು ಬೀದಿಯಲ್ಲಿ. “ವಾಸನೆ ಇಲ್ಲದ್ದೇ ತೊಂದ್ರೆ ಅಲ್ವಾ? ನಾವೇ ಒಂದು ಕೊಟ್ರೆ?”

ಕಾಫಿ ಪುಡಿಯ ಕಾರ್ಖಾನೆ ನಡೆಸುವ ಪುಟ್ಟಶೆಟ್ಟರು ಕಾಫಿ ಕಳ್ಳರ ಬಗ್ಗೆ ಕನಿಕರವುಳ್ಳವರೆಂಬುದು ಊರಿಗೆಲ್ಲ ಗೊತ್ತಿತ್ತು. ನನ್ನ ಪುಡಿಗೆ ಮನಸೋತವನೇ ತಾನೆ ಕದಿಯುವುದು, ಅಂಥವನ ಕೈಯಲ್ಲಿ ಹುರಿದ ಬೀಜ ಕೆಡುವುದಿಲ್ಲ ಎಂದು ಅವರು ಹೇಳುತ್ತಿದ್ದರು. ತಬಿತಮ್ಮನವರ ಯೋಚನೆಯಂತೆ ಅವರ ಕಾರ್ಖಾನೆಯ ಪುಡಿಯನ್ನೇ ತಂದು ಕೊಟ್ರೇಶನಿಗೆ ತಿಕ್ಕಬೇಕು.

“ಅದು ಸುಳ್ಳಾಗಲ್ವಾ ಅಮ್ಮಾ?” ಎಂದೆ.

“ಬಾಯಲ್ಲಿ ಹೇಳಿದ್ರೆ ಸುಳ್ಳು. ಮೈಗೆ ಹಚ್ಚಿದ್ರೆ ಅದು ಔಷಧಿ. ಆಸ್ಪತ್ರೇಲಿ ನಾನು ಎಷ್ಟು ಜನಕ್ಕೆ ಹಚ್ಚಿಲ್ಲ!”

ಒಬ್ಬ ಪ್ರಾಮಾಣಿಕ ಕಳ್ಳನಿಗೆ ಇನ್ನೊಂದು ಕಳ್ಳತನದ ಆರೋಪವನ್ನು ಮೈತುಂಬ ಲೇಪಿಸುವ ಧರ್ಮಕಾರ್ಯ ನಮ್ಮ ಸಭೆಯ ಇತಿಹಾಸದಲ್ಲಿ ಅದೇ ಮೊದಲು. ಸಂದರ್ಶನದ ಬೆಳಿಗ್ಗೆ ಮಗ್ಗದ ಕೋಣೆಯಲ್ಲಿ ತಬಿತಮ್ಮನವರು ಬಟ್ಟಲಲ್ಲಿ ಪುಡಿಯನ್ನು ಕೊಬ್ಬರಿ ಎಣ್ಣೆಯೊಡನೆ ಕಲಸಿ, ಹಣೆಯ ಮೇಲೆ, ಕಿವಿಯ ಹಿಂದೆ, ಮೊಣಕೈಯ ಮಡಿಕೆಗಳಲ್ಲಿ ಹಚ್ಚಿದರು. ಕೊಟ್ರೇಶ ಮದುವೆಯ ಗಂಡಿನಂತೆ ತಲೆತಗ್ಗಿಸಿ ಕುಳಿತಿದ್ದ. ಉಳಿದ ಕೈದಿಗಳು ಸುತ್ತ ನಿಂತು ಸಲಹೆ ಕೊಡುತ್ತಿದ್ದರು. ಸೀಮೆಎಣ್ಣೆಯವನೊಬ್ಬ, “ಕಂಕುಳಿಗೂ ಹಚ್ರಮ್ಮಾ, ಅಲ್ಲಿಂದಲೇ ನಿಜ ಗೊತ್ತಾಗೋದು” ಎಂದ. ಮುಗಿಯುವ ಹೊತ್ತಿಗೆ ನನಗೆ ಕಾಫಿ ಕುಡಿಯಬೇಕೆನಿಸತೊಡಗಿತ್ತು.

ಕಾವಲಿಗೆ ಬಂದ ಪೊಲೀಸಪ್ಪ ದಾರಿಯುದ್ದಕ್ಕೂ ಆಳವಾಗಿ ಉಸಿರಾಡುತ್ತ ಬಂದ. ಕಾರ್ಖಾನೆಯೊಳಗೆ ಹುರಿಯುವ ಹೊಗೆಯಲ್ಲಿ ಯಾರ ವಾಸನೆ ಯಾವುದೆಂದು ತಿಳಿಯುವುದಿಲ್ಲವಾದ್ದರಿಂದ ಪುಟ್ಟಶೆಟ್ಟರು ನಮ್ಮನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ಬೀಜ ತೊಳೆಯುವ ದೊಡ್ಡ ತೊಟ್ಟಿಯೊಂದು ಒಣಗಿ ಬಿರುಕು ಬಿಟ್ಟು ನಿಂತಿತ್ತು. ಶೆಟ್ಟರು ಕನ್ನಡಕ ತೆಗೆದರು, ಕಣ್ಣು ಮುಚ್ಚಿದರು, ಕೊಟ್ರೇಶನ ಭುಜದ ಬಳಿ ಬಗ್ಗಿದರು.

“ಆಹಾ!” ಎಂದರು. “ನಮ್ಮ ಪುಡೀನೇ! ಒಂದನೇ ದರ್ಜೆ!”

ತಬಿತಮ್ಮನವರು ನನ್ನತ್ತ ವಿಜಯದ ನೋಟ ಬೀರಿದರು.

“ಸರಿಯಪ್ಪಾ, ನಿನ್ನಂಥ ರುಚಿಗಾರ ನಂಗೆ ಬೇಕು,” ಎಂದು ಶೆಟ್ಟರು ಕೈ ಚಾಚುವುದರಲ್ಲಿದ್ದರು. ಚಾಚಿದ ಕೈ ಅರ್ಧದಲ್ಲಿ ನಿಂತಿತು. “ಒಂದೇ ಒಂದು ಕೇಳ್ತೀನಿ, ಅಸಭ್ಯ ಅನ್ಕೋಬೇಡಿ. ನನ್ನ ಸ್ವಂತ ಸರಕು, ಕೇಳೋ ಹಕ್ಕಿದೆ. ಎಲ್ಲಿಂದ ತಗೊಂಡೆ? ಅಂಗಡಿಯಿಂದಲೋ, ಗೋಡೌನಿಂದಲೋ?”

ಕೊಟ್ರೇಶ ತಲೆಯೆತ್ತಿದ. ಶೆಟ್ಟರ ಕಣ್ಣನ್ನು ನೇರವಾಗಿ ನೋಡಿದ. ಅಯ್ಯೋ, ಅದು ನಾನೇ ಕಲಿಸಿದ ನೋಟ.

“ನಾನು ಕಾಫಿ ಕದ್ದಿಲ್ಲ ಯಜಮಾನ್ರೇ. ಇದು ಬೆಳಿಗ್ಗೆ ಅಮ್ಮಾವ್ರು ಹಚ್ಚಿದ್ದು.”

ಪೊಲೀಸಪ್ಪ ಕುಡಿಯುತ್ತಿದ್ದ ಪುಕ್ಕಟೆ ಕಾಫಿಯನ್ನು ತುಟಿಯಿಂದ ಇಳಿಸಿದ. ಪುಟ್ಟಶೆಟ್ಟರು ತಬಿತಮ್ಮನವರನ್ನು ನೋಡಿದರು. ಊರಿನ ಅರ್ಧದಷ್ಟು ಶಿಶುಗಳನ್ನು ಮೊದಲು ಎತ್ತಿಕೊಂಡಿದ್ದ ಅವರು ಕೊಡೆಯ ಹಿಡಿಯನ್ನು ಪರೀಕ್ಷಿಸುತ್ತಿದ್ದರು.

“ಮತ್ತೆ ನೀನು ಕದ್ದಿದ್ದೇನು?”

“ನೀರು.”

ಇಡೀ ವಾರ ಗಾಜು, ಉಪ್ಪು ಎಂದು ಹುಡುಕಿದ್ದ ತಬಿತಮ್ಮನವರು ಮೆಲ್ಲಗೆ, “ನೀರು!” ಎಂದು ತಮಗೆ ತಾವೇ ಹೇಳಿಕೊಂಡರು.

ಕೊಟ್ರೇಶ ನೀರುಗಂಟಿಯಾಗಿದ್ದ. ನಸುಕಿನಲ್ಲಿ ಕೊಳಾಯಿಯ ಗೇಟುಗಳನ್ನು ತಿರುಗಿಸಿ ಕೇರಿಕೇರಿಗೆ ನೀರು ಬಿಡುವ ಕೆಲಸ. ನಾವೆಲ್ಲ ಏಳುವ ಮೊದಲೇ ಮುಗಿಯುವ ಕೆಲಸವಾದ್ದರಿಂದ ಅವನ ಮುಖವನ್ನು ಯಾರೂ ಕಂಡವರಲ್ಲ. ಮೇಲ್ಕೇರಿಯ ತೋಟಗಳಿಗೂ ಕಾರ್ಖಾನೆಗೂ ಹಗಲಿಡೀ ನೀರು. ಕೆಳಗಿನ ಮಿಷನ್ ಕೇರಿಗೂ ಹಳ್ಳದ ಕೇರಿಗೂ ಕೊಡ ತುಂಬುವಷ್ಟೂ ಇಲ್ಲ. ಅವನು ಎಲ್ಲೋ ನೆಲದಡಿಯಲ್ಲಿ ಕವಲು ಪೈಪೊಂದನ್ನು ಕೂರಿಸಿ ಮೇಲಿನ ನೀರನ್ನು ಕೆಳಕ್ಕಿಳಿಸಿಬಿಟ್ಟಿದ್ದ. ಸಿಕ್ಕಿಬಿದ್ದಾಗ ಒಪ್ಪಿಕೊಂಡ. ಪೈಪಿನ ಜಾಗ ಮಾತ್ರ ಹೇಳಲಿಲ್ಲ. ನೀರು ಈಗಲೂ ಕೆಳಗೇ ಹರಿಯುತ್ತಿತ್ತು.

“ಆ ನೀರುಗಂಟಿ ನೀನೇನೋ!” ಪುಟ್ಟಶೆಟ್ಟರ ಮೂಗಿನ ಹೊಳ್ಳೆಗಳು ನಡುಗಿದವು. “ನೋಡು ಈ ತೊಟ್ಟೀನ! ಗಾಡಿಯಲ್ಲಿ ನೀರು ಹೊರಿಸ್ತಾ ಇದೀನಿ ಕಣೋ. ನಿನ್ನ ಮೇಲೆ ದೂರು ಕೊಟ್ಟ ಮೊದಲನೆಯವನು ನಾನು!”

ಕೆಲಸ ಕೈತಪ್ಪಿತೆಂದುಕೊಂಡೆ. ನನ್ನ ದಿಗಿಲಿಗೆ ಇನ್ನೊಂದು ಕಾರಣವೂ ಇತ್ತು. ನಾನೂ ತಬಿತಮ್ಮನವರೂ ಮಿಷನ್ ಕೇರಿಯವರು. ನಮ್ಮ ಕೊಳಾಯಿಗಳಲ್ಲಿ ನೀರು ಇದ್ದಕ್ಕಿದ್ದಂತೆ ಧುಮುಕತೊಡಗಿದ ಆ ವರ್ಷ ನಮ್ಮ ಸಭೆಯಲ್ಲಿ ವಿಶೇಷ ಕೃತಜ್ಞತಾ ಆರಾಧನೆ ನಡೆದಿತ್ತು. ಬೈಬಲಿನಲ್ಲಿ ಬಂಡೆಯಿಂದ ನೀರು ಹೊರಟ ಅಧ್ಯಾಯವನ್ನು ಓದಿದವರು ಸ್ವತಃ ತಬಿತಮ್ಮನವರು. ಪುರಸಭೆಯವರು ಯಾವುದೋ ಪೈಪು ಹುಡುಕುತ್ತ ನಮ್ಮ ದೇವಾಲಯದ ಅಂಗಳವನ್ನು ಅಗೆಯಲು ಬಂದಾಗ, ಪವಿತ್ರ ಸ್ಥಳಕ್ಕೆ ಗುದ್ದಲಿ ತಾಗಕೂಡದೆಂದು ಮೆಟ್ಟಿಲ ಮೇಲೆ ಕೊಡೆ ಹಿಡಿದು ನಿಂತು ಅವರನ್ನು ಅಟ್ಟಿದವರೂ ಅವರೇ. ಈಗ ಅವರು ತಮ್ಮ ಎರಡೂ ಅಂಗೈಗಳನ್ನು ನಿಧಾನವಾಗಿ ಮೂಗಿನ ಬಳಿ ತಂದು ಮೂಸಿಕೊಂಡರು. ಏನೂ ಇಲ್ಲವೆಂಬುದು ಅವರ ಮುಖಕ್ಕೆ ಸಮಾಧಾನ ತಂದಂತೆ ಕಾಣಲಿಲ್ಲ.

ಪುಟ್ಟಶೆಟ್ಟರು ವ್ಯಾಪಾರಿ. ಸಿಟ್ಟನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡು ನಿಲ್ಲುವುದು ಅವರಿಗೆ ನಷ್ಟದ ಬಾಬ್ತು.

“ಸರಿ, ಕೇಳು,” ಎಂದರು. “ಆ ಪೈಪು ಎಲ್ಲಿದೆ ಹೇಳು. ಹೇಳಿದ್ಯಾ, ಇವತ್ತೇ ಜೈಲಿನ ಬಾಗಿಲಿಗೆ ಬಂದು ನಿನ್ನ ಕೈ ಹಿಡೀತೀನಿ. ಈ ತೊಟ್ಟಿ ನೋಡ್ಕೊಳ್ಳೋ ಕೆಲ್ಸ ನಿಂದೇ. ಹೇಳ್ಲಿಲ್ವಾ, ಬಂದ ದಾರೀಲೇ ನಡಿ. ನಾನಷ್ಟೇ ಅಲ್ಲ, ಮೇಲ್ಕೇರಿಯ ಒಬ್ಬನೂ ನಿನ್ನ ಕೈ ಮುಟ್ಟದ ಹಾಗೆ ನೋಡ್ಕೋತೀನಿ.”

ಕೊಟ್ರೇಶ ಶೆಟ್ಟರನ್ನು ನೋಡಲಿಲ್ಲ. ತಬಿತಮ್ಮನವರನ್ನು ನೋಡಿದ.

“ಅಮ್ಮಾ, ಎರಡು ಕೇರಿ ನೀರು ಅದು. ನಿಮ್ಮನೇದೂ ಸೇರಿ. ಕೋರ್ಟಲ್ಲಿ ಬಾಯಿ ಬಿಡ್ಲಿಲ್ಲ ನಾನು. ಈಗ ರೇಣಿ ಹೋಗಿಬಿಡ್ತಾಳೆ, ಮಗೂನೂ ಹೋಗುತ್ತೆ.” ಅವನ ಉದ್ದ ಕೈಗಳು ಎಲ್ಲಿಡಬೇಕೆಂದು ತೋಚದೆ ಜೋಲುತ್ತಿದ್ದವು. “ಹೇಳ್ಲಾ? ನೀವು ಬೇಡ ಅಂದ್ರೆ ಹೇಳಲ್ಲ.”

ನನ್ನ ಮನಸ್ಸು ಆ ಗಳಿಗೆಯಲ್ಲಿ ಯಾವ ಶ್ರೇಷ್ಠ ವಿಚಾರದತ್ತಲೂ ಓಡಲಿಲ್ಲವೆಂದು ಒಪ್ಪಿಕೊಳ್ಳಬೇಕು. ಅದು ನೇರವಾಗಿ ನನ್ನ ಬಚ್ಚಲುಮನೆಗೆ ಓಡಿತು. ತುಂಬಿ ತುಳುಕುವ ಹಂಡೆ, ಎರಡು ಹೊತ್ತಿನ ಸ್ನಾನ, ಹಿತ್ತಲಿನ ಡೇರೆ ಹೂಗಳು. ಮುಂದೆ ಬಾವಿಕಟ್ಟೆಯಲ್ಲಿ ಕೊಡಗಳ ಸಾಲು. ತಬಿತಮ್ಮನವರಿಗೆ ಮಂಡಿನೋವು ಬೇರೆ. ಅವರು ‘ಬೇಡ’ ಎಂದಿದ್ದರೆ ನಾನು ತಲೆದೂಗುತ್ತಿದ್ದೆನೇನೋ.

“ಹೇಳು,” ಎಂದರು ತಬಿತಮ್ಮನವರು.

“ಅಮ್ಮಾ...”

“ಹೇಳು ಅಂದ್ನಲ್ಲ. ಒಬ್ಬನ್ನ ಒಳಗೆ ಕೂಡಿಹಾಕಿ ಬರೋ ನೀರು ನಂಗೆ ಬೇಡ. ಗಂಟಲಲ್ಲಿ ಇಳಿಯಲ್ಲ.” ಆಮೇಲೆ ಶೆಟ್ಟರ ಕಡೆ ತಿರುಗಿದರು, ಹಳೆಯ ಮೇಟ್ರನ್ ದನಿ ಮರಳಿತ್ತು. “ಶೆಟ್ಟರೇ, ಕೈ ಹಿಡಿಯೋದು ಮೊದಲು, ಪೈಪು ಆಮೇಲೆ. ನೀವು ಹುಟ್ಟಿದ ದಿನದಿಂದ ನಿಮ್ಮನ್ನ ನಾನು ಬಲ್ಲೆ. ಇನ್ನೊಂದು ಮಾತು. ಇವನು ಕದ್ದದ್ದನ್ನ ನಾನು ಇನ್ಮೇಲೆ ಕೇಳಿ ತಗೋತೀನಿ. ದಿನಾ ಪುರಸಭೆ ಮುಂದೆ ಬರ್ತೀನಿ, ನಿಮ್ಮ ಅಂಗಡಿ ಮುಂದೆ ಬರ್ತೀನಿ, ಹಗಲಲ್ಲೇ ಬರ್ತೀನಿ, ನಮ್ಮ ಸ್ತ್ರೀಯರ ಕೂಟಾನೆಲ್ಲ ಕರ್ಕೊಂಡು ಬರ್ತೀನಿ.”

“ಹಾಡ್ತಾ ಬರ್ತೀರಾ?” ಎಂದು ಪುಟ್ಟಶೆಟ್ಟರು ಗಾಬರಿಯಿಂದ ಕೇಳಿದರು.

“ಎಲ್ಲಾ ಚರಣಾನೂ ಹಾಡ್ತೀವಿ.”

ಅಂದು ಸಂಜೆಯೇ ಶೆಟ್ಟರು ಜೈಲಿನ ದೊಡ್ಡಬಾಗಿಲಿಗೆ ಬಂದು, ಇನ್ನೂ ಕಾಫಿಯ ಜಿಡ್ಡಿದ್ದ ಕೈಯನ್ನು ಹಿಡಿದು, ಗಂಟಲು ಸರಿಮಾಡಿಕೊಂಡು, “ಇವನು ನನ್ನವನು” ಎಂದರು. ಹಿಡಿದ ಕೈಯನ್ನು ಬಿಡದೆ ಕೊಟ್ರೇಶ ಅವರನ್ನು ಊರ ನಡುವೆ ನಡೆಸಿಕೊಂಡು ಹೋಗಿ ನಿಲ್ಲಿಸಿದ್ದು ನಮ್ಮ ದೇವಾಲಯದ ಮೆಟ್ಟಿಲ ಮುಂದೆ. ತಬಿತಮ್ಮನವರು ಹಿಂದೊಮ್ಮೆ ಕೊಡೆ ಹಿಡಿದು ನಿಂತಿದ್ದ ಮೆಟ್ಟಿಲು ಅದೇ. ಅಲ್ಲಿ ಯಾರೂ ಅಗೆಯುವುದಿಲ್ಲವೆಂದು ತನಗೆ ಮೊದಲೇ ಗೊತ್ತಿತ್ತೆಂದು ಕೊಟ್ರೇಶ ವಿನಯದಿಂದ ಹೇಳಿದ. ತಬಿತಮ್ಮನವರು ತಾವೇ ಪಕ್ಕಕ್ಕೆ ಸರಿದು ಗುದ್ದಲಿಗೆ ಜಾಗ ಬಿಟ್ಟರು.

ಮಾರನೆಯ ಬೆಳಿಗ್ಗೆ ನನ್ನ ಕೊಳಾಯಿ ಒಂದು ಸಲ ಬಿಕ್ಕಳಿಸಿ ಸುಮ್ಮನಾಯಿತು. ಎರಡು ಕೇರಿಗಳ ಜನ ಬಾವಿಕಟ್ಟೆಗೆ ಹೊರಟರು. ಕೃತಜ್ಞತಾ ಆರಾಧನೆಗೆ ಕಾರಣನಾಗಿದ್ದವನೇ ಈಗ ಹಿಡಿಶಾಪಕ್ಕೂ ಕಾರಣನೆಂಬ ಸಂಗತಿ ಸಾಲಿನುದ್ದಕ್ಕೂ ಹಬ್ಬಿತ್ತು. ತಬಿತಮ್ಮನವರು ಎಲ್ಲರಿಗಿಂತ ಮುಂದೆ, ಸೊಂಟಕ್ಕೆ ಸೆರಗು ಬಿಗಿದು, ಮಂಡಿಯನ್ನು ಬೈಯುತ್ತ, ಮಧ್ಯಾಹ್ನ ಪುರಸಭೆಯ ಮುಂದೆ ಯಾವ ಕೀರ್ತನೆ ಹಾಡಬೇಕೆಂದು ಹೆಂಗಸರೊಡನೆ ವಾದಿಸುತ್ತಿದ್ದರು.

ಆಗ ಹಳ್ಳದ ಕೇರಿಯ ತಿರುವಿನಿಂದ ರೇಣವ್ವ ಬಂದಳು. ಮಗು ಕೊಟ್ರೇಶನ ಹೆಗಲ ಮೇಲಿತ್ತು. ಅವನ ಕಿವಿಯ ಹಿಂದಿನ ಕಾಫಿಯ ವಾಸನೆಯನ್ನು ಅದು ಬಗ್ಗಿ ಬಗ್ಗಿ ಮೂಸುತ್ತಿತ್ತು. ಸಾಲಿನ ತಲೆಗಳೆಲ್ಲ ಅತ್ತ ತಿರುಗಿದವು. ಯಾರು ಏನನ್ನುತ್ತಾರೋ ಎಂಬ ಅಂಜಿಕೆ ನನಗೆ. ಯಾರೂ ಮಾತಾಡುವ ಮೊದಲೇ ರೇಣವ್ವ ತನ್ನ ಕೊಡವನ್ನು ಗಂಡನ ಕೈಗೆ ತುರುಕಿದಳು.

“ನೀರಿದ್ದಾಗ ನೀನಿರ್ಲಿಲ್ಲ,” ಎಂದಳು, ಎರಡು ಕೇರಿಗೂ ಕೇಳುವಂತೆ. “ನೀನು ಬಂದೆ, ನೀರು ಹೋಯ್ತು. ಸೇದು ಈಗ.”

ಕೊಟ್ರೇಶ ಮಗುವನ್ನು ಅವಳಿಗೆ ಕೊಟ್ಟು, ಹಗ್ಗ ಹಿಡಿದು, ಮೊದಲ ಕೊಡವನ್ನು ಮೇಲೆಳೆದು ತಬಿತಮ್ಮನವರ ಬಿಂದಿಗೆಗೆ ಸುರಿದ. ರೇಣವ್ವ ಬಾವಿಯ ಕಟ್ಟೆಯ ಮೇಲೆ ಕುಳಿತಳು. ತೌರಿಗೆ ಹೋಗುವ ಬಸ್ಸು ಅದೇ ಹೊತ್ತಿಗೆ ಹಾರ್ನು ಬಾರಿಸುತ್ತ ಬೀದಿಯ ಕೊನೆಯಲ್ಲಿ ಹಾದುಹೋಯಿತು. ಅವಳು ತಿರುಗಿ ನೋಡಲಿಲ್ಲ.